ಒಂದೇ ವ್ಯಾಲೆಟ್, ಐದು ಪಾಲು

ವಿಲೆ ಪಾರ್ಲೆ ಪೂರ್ವದಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಕೆಳಮನೆಯಲ್ಲಿ ಒಬ್ಬರು ಕಾಕು ಇದ್ದಾರೆ. ಹದಿನೈದು ಹೆಂಗಸರ ಭಿಶಿ ನಡೆಸುತ್ತಾರೆ. ಧಾರವಾಡದ ಕಡೆಯ ನಮಗೆ ಈ ಶಬ್ದ ಪರಿಚಿತ. ಬೆಂಗಳೂರಿನವರು ಚೀಟಿ ಎಂದುಕೊಳ್ಳಿ. ಯಾರು ಯಾವ ತಾರೀಖಿಗೆ ಕೊಟ್ಟರು, ಈ ತಿಂಗಳು ಯಾರ ಪಾಳಿ, ಎಲ್ಲವೂ ಅವರ ಉದ್ದನೆಯ ನೋಟ್‌ಬುಕ್‌ನಲ್ಲಿದೆ. ಮೇಲಿನ ಮಹಡಿಯಲ್ಲಿ ನಾವು ಐವರು ಕನ್ನಡಿಗ ಎಂಜಿನಿಯರುಗಳು, ಅದರಲ್ಲಿ ಇಬ್ಬರು ಎಂ.ಟೆಕ್., ವಾರಕ್ಕೆ ತಲಾ 200 ರೂಪಾಯಿ ಹಾಕಿ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಿದ್ದೆವು. ನಮ್ಮಲ್ಲಿ ನೋಟ್‌ಬುಕ್ ಇರಲಿಲ್ಲ.

ಆ್ಯಪ್‌ನ ಖಾತೆ ಕುಂದಾಪುರದ ಗೆಳೆಯನ ಹೆಸರಿನಲ್ಲಿತ್ತು. ಅವನದೇ ಪ್ಯಾನ್, ಅವನದೇ ಬ್ಯಾಂಕು. ತಂಡ ಕಟ್ಟುವುದು ಮಾತ್ರ ಎಲ್ಲರೂ ಸೇರಿ. ನಾಯಕನಿಗೆ ಎರಡು ಪಟ್ಟು ಅಂಕ, ಉಪನಾಯಕನಿಗೆ ಒಂದೂವರೆ ಪಟ್ಟು; ಗಲಾಟೆಯೆಲ್ಲ ಆ ಎರಡು ಹೆಸರಿಗೇ. ಬೆಂಗಳೂರು ಎಫ್‌ಸಿ ಆಡುವ ದಿನ ಛೇತ್ರಿಯನ್ನು ಬಿಡೋಣ ಎಂದವನಿಗೆ ಆ ರಾತ್ರಿ ಊಟ ಬಡಿಸುವವರಿಲ್ಲ! ನಿಜ ಹೇಳಬೇಕೆಂದರೆ, ನಾವು ಆ 200 ರೂಪಾಯಿ ಕೊಡುತ್ತಿದ್ದದ್ದು ಈ ಗಲಾಟೆಗೇ. ಆಫೀಸಿನಿಂದ ಬಂದು ಗೋಡೆ ನೋಡುವುದಕ್ಕಿಂತ ಅದು ವಾಸಿ.

2025ರ ಫೆಬ್ರವರಿಯಲ್ಲಿ ದೊಡ್ಡ ಮೊತ್ತವೇ ಬಂತು. ಮಾರ್ಚ್ 31ಕ್ಕೆ ವರ್ಷದ ನಿವ್ವಳ ಗೆಲುವು 40,000 ಎಂದು ಲೆಕ್ಕವಾಗಿ, ಶೇ 30ರಂತೆ 12,000 ರೂಪಾಯಿ ಟಿಡಿಎಸ್ ಕಡಿತವಾಯಿತು. ಆದಾಯ ತೆರಿಗೆ ಇಲಾಖೆಯ ಮಟ್ಟಿಗೆ ಗೆದ್ದವನು ಒಬ್ಬನೇ, ಪ್ಯಾನ್ ಕೊಟ್ಟವನು. ಟಿಡಿಎಸ್‌ನಲ್ಲಿ ಸೇರದ ಶೇ 4ರ ಸೆಸ್, ಅಂದರೆ 480 ರೂಪಾಯಿ, ರಿಟರ್ನ್ಸ್ ಸಲ್ಲಿಸುವಾಗ ಅವನೇ ಕಟ್ಟಿದ. ಯಾರಿಗೂ ಹೇಳಲಿಲ್ಲ.

ಆಗಸ್ಟ್ 15ರ ನಡುರಾತ್ರಿ ಲಿವರ್‌ಪೂಲ್–ಬೋರ್ನ್‌ಮತ್ ಪಂದ್ಯದಿಂದ ಹೊಸ ಋತು ಶುರುವಾಯಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಗೆ ಒಪ್ಪಿಗೆ ಕೊಟ್ಟವು. 22ಕ್ಕೆ ರಾಷ್ಟ್ರಪತಿಯವರ ಅಂಕಿತ ಬಿತ್ತು. ಹಣ ಕಟ್ಟುವ ಆಟ ನಿಂತಿತು. ವ್ಯಾಲೆಟ್‌ನಲ್ಲಿ 21,350 ರೂಪಾಯಿ ಉಳಿದಿತ್ತು.

ಹಣ ವಾಪಸ್ ಬರುತ್ತದೆ ಎಂದು ಗೊತ್ತಾದ ದಿನವೇ ಜಗಳ ಶುರು. ಜನವರಿಯಲ್ಲಿ ಪುಣೆಗೆ ಹೋಗಿ ಪಾಲು ಕೊಡುವುದನ್ನು ನಿಲ್ಲಿಸಿದವನು, 'ನನ್ನ ಹಳೇ ರೊಕ್ಕಾ ಅದರಾಗ ಇತ್ತಲ್ಲೋ' ಅಂದ. ಫೆಬ್ರವರಿಯಲ್ಲಿ ನಾಯಕನನ್ನು ಆರಿಸಿದವನಿಗೆ ಹೆಚ್ಚು ಪಾಲು ಬೇಕು. ಲೆಕ್ಕ ಹಾಕಲು ಕುಂದಾಪುರದವನು ಖಾತೆಯ ವಿವರ ನನಗೆ ಕಳಿಸಿದ. ಅದರಲ್ಲಿ ನಾವ್ಯಾರೂ ಮಾತಾಡದ ಹನ್ನೊಂದು ಐಪಿಎಲ್ ಸ್ಪರ್ಧೆಗಳಿದ್ದವು. ಸೋತದ್ದು 6,300 ರೂಪಾಯಿ.

ಇಲ್ಲಿ ನಾನು ಮಾಡಿದ್ದು ತಪ್ಪು. ಅವನು ಪಕ್ಕದ ಕೋಣೆಯಲ್ಲೇ ಮಲಗಿದ್ದ, ಹೋಗಿ ಕೇಳಬಹುದಿತ್ತು. ನಾನು ರಾತ್ರಿ ಒಂದಕ್ಕೆ ಎಕ್ಸೆಲ್ ಶೀಟ್ ಮಾಡಿ, ಆ ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಬಗ್ ಹಿಡಿದ ಖುಷಿ!

ಬೆಳಿಗ್ಗೆ ಅವನ ಉತ್ತರ: 'ಹಾಕೂದಾದ್ರೆ ಪೂರ್ತಿ ಲೆಕ್ಕ ಹಾಕು ಮಾರಾಯ.' ಜೊತೆಗೆ ಯುಪಿಐ ವಿವರಗಳು. ನಾವು ಕೊಡಲು ಮರೆತ ವಾರಗಳಲ್ಲೆಲ್ಲ ಅವನೇ ತುಂಬಿದ್ದ. ಒಟ್ಟು 37 ಪಾಲು, 7,400 ರೂಪಾಯಿ. ಅದರಲ್ಲಿ ಒಂಬತ್ತು ವಾರ ನನ್ನದೇ. ಐಪಿಎಲ್‌ನಲ್ಲಿ ಸೋತದ್ದನ್ನು ಕಳೆದರೂ ನಾವೇ ಅವನಿಗೆ 1,100 ಕೊಡಬೇಕಿತ್ತು.

ಇಂಥ ಆಟ ಕೌಶಲವೋ ಜೂಜೋ ಎಂಬ ವಾದ ನಮಗೆ ಹೊಸದಲ್ಲ. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಹೊಸ ಕೇಂದ್ರ ಕಾಯ್ದೆ ಆ ವ್ಯತ್ಯಾಸವನ್ನೇ ಪಕ್ಕಕ್ಕಿಟ್ಟಿದೆ. ನನಗಂತೂ ಅದು ಬಂದದ್ದು ಒಳ್ಳೆಯದೇ ಅನಿಸುತ್ತದೆ. ಆದರೆ ನಮ್ಮ ನಡುವೆ ಮುರಿದದ್ದಕ್ಕೆ ಆ್ಯಪ್ ಕಾರಣವಲ್ಲ. ಊರು ಬಿಟ್ಟು ಬಂದವರು ಎಷ್ಟೊಂದನ್ನು ಒಬ್ಬನ ಹೆಸರಿನಲ್ಲಿ ನಡೆಸುತ್ತೇವೆ: ಫ್ಲ್ಯಾಟಿನ ಡಿಪಾಸಿಟ್, ಗ್ಯಾಸ್, ವೈಫೈ, ಗೋವಾ ಪ್ರವಾಸದ ಬುಕಿಂಗ್. ಲೆಕ್ಕ ಕೇಳಿದರೆ ಗೆಳೆತನಕ್ಕೆ ಅವಮಾನ ಎಂದುಕೊಳ್ಳುತ್ತೇವೆ. ಹೀಗಾಗಿ ಹೆಸರು ಕೊಟ್ಟವನು ತನ್ನ ಕೈಯಿಂದ ಎಷ್ಟು ಹಾಕಿದ ಎಂಬುದೂ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವನು ಕಟಕಟೆಯಲ್ಲಿರುತ್ತಾನೆ. ಕಾಕು ಅವರ ಭಿಶಿಯಲ್ಲಿ ಅತ್ತೆ-ಸೊಸೆ ಇಬ್ಬರೂ ಸದಸ್ಯರು. ಇಬ್ಬರ ಹೆಸರೂ ಬೇರೆ ಬೇರೆ ಸಾಲಿನಲ್ಲಿದೆ, ಯಾರಿಗೂ ಬೇಸರವಿಲ್ಲ.

ಹಣ ಹಂಚಿಕೆಯಾಯಿತು. ಪುಣೆಯವನಿಗೂ ಅವನು ಕೊಟ್ಟ ವಾರಗಳ ಲೆಕ್ಕದಲ್ಲಿ ಪಾಲು ಹೋಯಿತು. ಕುಂದಾಪುರದವನು ಅಕ್ಟೋಬರ್‌ನಲ್ಲಿ ಬೊರಿವಲಿಗೆ ಮನೆ ಬದಲಿಸಿದ. ಆಫೀಸಿಗೆ ಹತ್ತಿರ ಅಂದ, ಆದರೆ ಅವನ ಆಫೀಸು ಇರುವುದು ಅಂಧೇರಿಯಲ್ಲಿ. ನನ್ನ ಒಂಬತ್ತು ವಾರದ 1,800 ರೂಪಾಯಿ ಕಳಿಸಿ, ಸಾರಿ ಅಂತ ಬರೆದೆ. 'ಬಂತು' ಎಂದಷ್ಟೇ ಉತ್ತರ. ಮುಂದೆ 'ಮಾರಾಯ' ಇರಲಿಲ್ಲ.