ಐವತ್ತೆರಡಕ್ಕೆ ಮುಗಿಯುವ ಕರುಣೆ

ಸಿಂಧನೂರಿನ ಕಾಲುವೆ ಬಯಲಿನಲ್ಲಿ ಸಸಿ ಹಚ್ಚುತ್ತಿದ್ದ ಅವ್ವ ಒಮ್ಮೆಲೇ ನಡು ಎತ್ತಿ ನಿಂತಳು. ಕಾಲ ಕೆಳಗೆ ಕೆಸರು, ನೀರು. ಮುಖದ ತುಂಬ ಬೆವರು. 'ಮೈಯಾಗ ಒಲಿ ಹೊತ್ತಿದಂಗ ಆಗ್ತೈತಿ' ಅಂದಳು. ಬದುವಿನ ಮೇಲಿದ್ದ ಸಾಹುಕಾರ 'ಕೆಲಸಗಳ್ಳಿ' ಅಂದ. ಮುಟ್ಟು ನಿಲ್ಲುವ ಕಾಲದ ಈ ಉರಿ, ನಿದ್ದೆಗೇಡು, ಎಡೆಬಿಡದ ರಕ್ತಸ್ರಾವ ವೈದ್ಯಶಾಸ್ತ್ರದಲ್ಲಿವೆ. ಕೂಲಿ ಲೆಕ್ಕದಲ್ಲಿಲ್ಲ.

2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. 18ರಿಂದ 52 ವರ್ಷದ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಋತುಚಕ್ರ ರಜೆ. ಒಳ್ಳೆಯದೇ. ಆದರೆ ಯಾರಿಗೆ ಸ್ವಾಮಿ? ಕಾರ್ಖಾನೆ, ಅಂಗಡಿ, ಪ್ಲಾಂಟೇಶನ್, ಬೀಡಿ, ಮೋಟಾರು ಸಾರಿಗೆ ಕಾಯ್ದೆಗಳಡಿ ನೋಂದಾದ ಕಡೆ ದುಡಿಯುವವರಿಗೆ. ಲಿಂಗಸುಗೂರಿನಲ್ಲಿ ತೊಗರಿಯ ಕಳೆ ಕೀಳುವವಳು, ಮಸ್ಕಿಯಲ್ಲಿ ಹತ್ತಿ ಬಿಡಿಸುವವಳು ಯಾವ ರಿಜಿಸ್ಟರಿನಲ್ಲಿದ್ದಾಳೆ? ಬಿಸಿಯೂಟದ ಅಕ್ಕ 60ರ ತನಕ ಒಲೆಯ ಮುಂದೆ ಬೇಯುತ್ತಾಳೆ. ಅವಳಿಗೆ ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, 'ಗೌರವಧನ'! ರಜೆ ಸಿಕ್ಕವರಿಗೂ ಮುಟ್ಟು ನಿಂತ ಮೇಲೆ ಲೆಕ್ಕ ಚುಕ್ತಾ.

ರಜೆ ಸಿಗದವಳಿಗೆ ಸಿಗುವುದು ಕತ್ತರಿ. 'ಗರ್ಭಚೀಲ ತೆಗಿಸಿಬಿಡು, ಕಾಟ ತೀರತೈತಿ' ಅಂತಾರೆ. ನಮ್ಮ ಪಕ್ಕದ ಕಲಬುರಗಿ ಸೀಮೆಯಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಚೀಲಗಳನ್ನು ಬೇಕಿಲ್ಲದೆ ಕತ್ತರಿಸಿದ ಸುದ್ದಿ ಎದ್ದಾಗ 2015ರಲ್ಲಿ ಸರ್ಕಾರವೇ ತನಿಖೆ ಮಾಡಿಸಬೇಕಾಯಿತು. ಅಂಡಾಶಯವನ್ನೂ ತೆಗೆದರೆ ಮೂವತ್ತೈದರ ಹೆಣ್ಣಿಗೂ ಮುಟ್ಟು ನಿಂತ ಮುಪ್ಪು ಅಂದೇ ಬರುತ್ತದೆ, ಮೂಳೆ ಸವೆಯುತ್ತದೆ. ಮೇಲೆ ಆಪರೇಶನ್ನಿನ ಸಾಲ. ಬಿಹಾರ, ರಾಜಸ್ಥಾನ, ಛತ್ತೀಸಗಡದ ಇಂಥದೇ ಪ್ರಕರಣಗಳ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಇದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಆ ಕಾಗದ ನಮ್ಮ ಕೇರಿಗೆ ಬಂತೇ? ಯಾರಾದರೂ ಓದಿ ಹೇಳಿದರೇ?

'ಅಷ್ಟು ತ್ರಾಸಾದ್ರ ಮನ್ಯಾಗ ಇರ್‍ರಿ, ಹರೇದವರನ್ನ ಕರೀತೀವಿ' ಅನ್ನುವ ಧಣಿಗಳಿದ್ದಾರೆ. ಇದೇ ಭಯಕ್ಕೆ ಅವ್ವಂದಿರು ಬಾಯಿ ಬಿಡುವುದಿಲ್ಲ. ಮುಟ್ಟು ನಿಲ್ಲುವುದು ರೋಗವಲ್ಲ, ಕೆಲಸ ಕಿತ್ತುಕೊಳ್ಳಲು ನೆಪವೂ ಅಲ್ಲ. 1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತು, ತಾಯಿಯ ವಿಶ್ರಾಂತಿ ದೇಶದ ಹಿತ ಎಂದು ವಾದಿಸಿದರು. ಹೆರುವ ಮೈಗೆ ಒಪ್ಪುವ ನ್ಯಾಯ ಹೆರುವುದು ಮುಗಿದ ಮೈಗೆ ಒಪ್ಪದೇ?

ನಾವು ಕೇಳುವುದು ಭಿಕ್ಷೆಯಲ್ಲ. ಹೊಲದ ಬದಿಗೆ ನೆರಳು, ಕುಡಿಯುವ ನೀರು, ಮರೆ. ಕೂಲಿ ಕಡಿಯದೆ ಒಂದು ಗಳಿಗೆ ಬಿಡುವು. ಬಿಸಿಯೂಟದವರಿಗೂ ಕೂಲಿಯವರಿಗೂ ಸಂಬಳದ ರಜೆ, 52ರ ಗೆರೆಯಿಲ್ಲದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತಪಾಸಣೆ, ಔಷಧಿ, ಕೂತು ಕೇಳುವ ವೈದ್ಯೆ. ಇನ್ನೊಬ್ಬ ವೈದ್ಯರು ನೋಡದೆ ಗರ್ಭಚೀಲಕ್ಕೆ ಕತ್ತರಿ ಬೇಡ.

ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಅಶೋಕನ ಹೆಸರು ಸಿಕ್ಕಿತೆಂದು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಮೇಷ್ಟ್ರೇ, ಅದೇ ಶಾಲೆಯ ಒಲೆಯ ಮುಂದೆ ಬೆವರುವ ಅಕ್ಕನನ್ನು ನಾಳೆ ಒಂದು ಮಾತು ಕೇಳಿ. ಗೆಳೆಯರೇ, ನಿಮ್ಮವ್ವನನ್ನೂ ಕೇಳಿ. ಅವಳು ಹೇಳಿದ್ದನ್ನು ಬರೆದು ತನ್ನಿ. ತಹಸೀಲ್ದಾರರ ಮುಂದೆ ನಮ್ಮ ಮನವಿ ಅದೇ.