ಹನ್ನೊಂದು ಗ್ರಾಂ ಹಕ್ಕಿಯ ಚಳಿಗಾಲ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮಂಗೋಲಿಯ, ಟಿಬೆಟ್ ಕಡೆಯ ಈ ಅತಿಥಿಗಳು ಇಷ್ಟು ದೂರ ಬರುವುದೇಕೆ ಎಂದು ತರಗತಿಯಲ್ಲಿ ಕೇಳಿದರೆ ‘ಅಲ್ಲಿ ಚಳಿ ಸಾರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಅರ್ಧ ಸರಿ. ಕೆರೆ ಹೆಪ್ಪುಗಟ್ಟಿ, ಹುಲ್ಲು ಹಿಮದಡಿ ಹೂತುಹೋದರೆ ಅಲ್ಲಿ ಹೆಬ್ಬಾತಿಗೆ ಮೇವಿಲ್ಲ. ಮೇವು ದೊರೆಯುವ ಹಕ್ಕಿಗಳು ಘೋರ ಚಳಿಯಲ್ಲೂ ಊರು ಬಿಡದೆ ಉಳಿಯುವುದುಂಟು.

ಅಂಥದೊಂದು ಹಕ್ಕಿ ಉತ್ತರ ಅಮೆರಿಕದ ಕರಿತಲೆ ಚಿಕಡೀ. ನಮ್ಮ ಕಾಡುಗಳಲ್ಲಿ ಕಾಣುವ ಟಿಟ್ ಹಕ್ಕಿಗಳ ನೆಂಟ. ತೂಕ ಸುಮಾರು 11 ಗ್ರಾಂ. ಗುಬ್ಬಚ್ಚಿಯ ಅರ್ಧದಷ್ಟೂ ಇಲ್ಲ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಇದು ವರ್ಷವಿಡೀ ಇರುತ್ತದೆ. ಅಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಹಗಲಿನಲ್ಲಿ ಹಕ್ಕಿಯ ಮೈಯೊಳಗೆ ಸುಮಾರು 42 ಡಿಗ್ರಿ. ಅಂದರೆ ಒಳಗೂ ಹೊರಗೂ 82 ಡಿಗ್ರಿ ಅಂತರ!

ಮೈ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ಲೆಕ್ಕ ಮಾಡಿ ನೋಡಿ. 10 ಸೆಂ.ಮೀ. ಬದಿಯ ಘನದ ಮೇಲ್ಮೈ 600 ಚದರ ಸೆಂ.ಮೀ., ಗಾತ್ರ 1000 ಘನ ಸೆಂ.ಮೀ. 1 ಸೆಂ.ಮೀ. ಬದಿಯ ಘನಕ್ಕಾದರೋ ಮೇಲ್ಮೈ 6, ಗಾತ್ರ 1. ಶಾಖ ಹುಟ್ಟುವುದು ಗಾತ್ರದಲ್ಲಿ, ಸೋರಿಹೋಗುವುದು ಮೇಲ್ಮೈಯಿಂದ. ಗಾತ್ರಕ್ಕೆ ಹೋಲಿಸಿದರೆ ಚಿಕ್ಕ ಘನದ ಮೇಲ್ಮೈ ಹತ್ತು ಪಟ್ಟು ಹೆಚ್ಚು.

ಈ ಸೋರಿಕೆಗೆ ಮೊದಲ ತಡೆ ಪುಕ್ಕ. ಪುಕ್ಕ ತಾನಾಗಿ ಶಾಖ ಕೊಡುವುದಿಲ್ಲ, ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ನಿಶ್ಚಲ ಗಾಳಿ ಉಷ್ಣದ ಮಂದವಾಹಕ. ಚಳಿ ಹೆಚ್ಚಿದಾಗ ಹಕ್ಕಿ ಪುಕ್ಕ ಕೆದರಿ ಚೆಂಡಿನಂತಾಗುವುದು ಈ ಗಾಳಿಯ ಪದರವನ್ನು ದಪ್ಪಗೊಳಿಸಲಿಕ್ಕೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ದೊಡ್ಡವರ ನೆರವಿನಿಂದ ಎರಡು ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ ಮುಚ್ಚಿ. ಒಂದಕ್ಕೆ ಹಿಂಜಿದ ಹತ್ತಿ ಸುತ್ತಿ, ಇನ್ನೊಂದಕ್ಕೆ ಅಷ್ಟೇ ಹತ್ತಿಯನ್ನು ಒದ್ದೆಮಾಡಿ ಸುತ್ತಿ. ಇಪ್ಪತ್ತು ನಿಮಿಷ ಬಿಟ್ಟು ಥರ್ಮಾಮೀಟರ್ ಇಟ್ಟು ನೋಡಿ. ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಕೊಕ್ಕಿನಿಂದ ಪುಕ್ಕಗಳಿಗೆ ಸವರಿಕೊಳ್ಳುವ ಹಕ್ಕಿಯನ್ನು ಆಮೇಲೆ ಯಾರೂ ಸೋಮಾರಿ ಎನ್ನಲಾರರು.

ಕಾಲಿಗೆ ಪುಕ್ಕವಿಲ್ಲವಲ್ಲ ಎಂದು ಜಾಣರು ಕೇಳುತ್ತಾರೆ. ಬರ್ಫದ ಮೇಲೆ ನಿಂತ ಬಾತಿನ ಕಾಲಿನಲ್ಲಿ ಪಾದಕ್ಕಿಳಿಯುವ ಬಿಸಿರಕ್ತದ ಅಪಧಮನಿಯೂ ಮೇಲೇರುವ ತಣ್ಣನೆಯ ಅಭಿಧಮನಿಯೂ ಒತ್ತೊತ್ತಿಗೆ ಸಾಗುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿರುತ್ತದೆ, ಶಾಖ ಮೈಯಲ್ಲೇ ಉಳಿಯುತ್ತದೆ.

ಇಷ್ಟಾದರೂ ಒಲೆ ಉರಿಯಲೇಬೇಕು. ಹಕ್ಕಿಯ ಒಲೆಯೆಂದರೆ ನಡುಕ. ಹಾರಲು ನೆರವಾಗುವ ಎದೆಯ ದೊಡ್ಡ ಸ್ನಾಯುಗಳೇ ಸಣ್ಣಗೆ ನಡುಗುತ್ತ ಶಾಖ ಹುಟ್ಟಿಸುತ್ತವೆ. ಸೌದೆ ಕೊಬ್ಬು. ಚಿಕಡೀ ಹಗಲೆಲ್ಲ ತಿಂದು ಮೈತೂಕದ ಹತ್ತನೇ ಒಂದರಷ್ಟು, ಎಂದರೆ ಸುಮಾರು 1 ಗ್ರಾಂ ಕೊಬ್ಬು ಕೂಡಿಡುತ್ತದೆ. ರಾತ್ರಿ ಅದು ಬಹುಪಾಲು ಉರಿದುಹೋಗುತ್ತದೆ. ಥೇಟ್ ದಿನಗೂಲಿಯ ಬಾಳು. ಡಿಸೆಂಬರ್ ಕೊನೆಯಲ್ಲಿ ಫೇರ್‌ಬ್ಯಾಂಕ್ಸಿನಲ್ಲಿ ಸೂರ್ಯ ಕಾಣುವುದು 4 ಗಂಟೆಗೂ ಕಡಿಮೆ. ಅಷ್ಟರ ದುಡಿಮೆಯಲ್ಲಿ ಉಳಿದ ಹೊತ್ತನ್ನೆಲ್ಲ ಕಳೆಯಬೇಕು!

ಆದ್ದರಿಂದ ರಾತ್ರಿ ಅದು ಒಲೆಯ ಉರಿಯನ್ನೇ ತಗ್ಗಿಸುತ್ತದೆ. ಮರದ ಪೊಟರೆ ಸೇರಿ, ಮೈಯ ಉಷ್ಣತೆಯನ್ನು ಹಗಲಿಗಿಂತ ಸುಮಾರು 10 ಡಿಗ್ರಿಯವರೆಗೂ ಇಳಿಸಿಕೊಳ್ಳುತ್ತದೆ. ನಮ್ಮ ಮೈ ಅಷ್ಟು ತಣಿದರೆ ಪ್ರಾಣಾಪಾಯ. ಹಕ್ಕಿಗೆ ಹೊರಗಿನ ಚಳಿಯೊಂದಿಗಿನ ಅಂತರ ಕಡಿಮೆಯಾಗಿ ಕೊಬ್ಬು ಉಳಿಯುತ್ತದೆ. ಪುಕ್ಕಟೆ ಲಾಭವೇನಲ್ಲ. ತಣಿದ ಮೈ ಮಂದವಾಗುತ್ತದೆ. ಶತ್ರು ಬಂದರೆ ಚುರುಕಾಗಿ ತಪ್ಪಿಸಿಕೊಳ್ಳುವುದು ಕಷ್ಟ.

ಬೆಳಗಾದಾಗ ಮತ್ತೆ ಮೈ ಬಿಸಿಮಾಡಿಕೊಂಡು ಹೊರಬಂದ ಹಕ್ಕಿ ಮೊದಲು ಹುಡುಕುವುದು ಆಹಾರ. ಇದಕ್ಕೆಂದೇ ಅದು ಮೊದಲೇ ಕಾಳುಗಳನ್ನು ಒಂದೊಂದಾಗಿ ತೊಗಟೆಯ ಬಿರುಕುಗಳಲ್ಲಿ ಬಚ್ಚಿಟ್ಟಿರುತ್ತದೆ, ಇಟ್ಟ ಜಾಗವನ್ನು ವಾರಗಟ್ಟಲೆ ನೆನಪಿಡುತ್ತದೆ. ಹಿಮಗಾಳಿ ಬೀಸಿ ಒಂದು ದಿನ ಹೊಟ್ಟೆ ತುಂಬದಿದ್ದರೆ ಅದರ ಮುಂದಿನ ರಾತ್ರಿಗೆ ಸೌದೆಯಿಲ್ಲ.