ಮಂಚದ ಪಕ್ಕ ಮಾತಾಡುವ ಮುನ್ನ

ನಮ್ಮ ಶೆಟ್ಟಿಕೆರೆ ಕಡೆ ಯಾರಿಗಾದರೂ ಲಕ್ವ ಹೊಡೆದರೆ, ನೋಡೋಕೆ ಬಂದವರು ಎಳನೀರು ತಂದಿಟ್ಟು ಮಂಚದ ಪಕ್ಕದಲ್ಲೇ ಮಾತಿಗೆ ಕೂರ್ತಾರೆ. ಮೊದಲು ತಿಪಟೂರಿನ ಕೊಬ್ಬರಿ ರೇಟು, ಆಮೇಲೆ ಮೆಲ್ಲಗೆ 'ತೋಟ ಯಾರ ಪಾಲಿಗೆ?' ಮಲಗಿದವರಿಗೆ ಏನೂ ತಿಳಿಯೋಲ್ಲ ಅನ್ನೋ ಧೈರ್ಯ. ನನ್ನ ತಕರಾರು ಇರೋದು ಈ ಧೈರ್ಯದ ಮೇಲೆ.

ಮಿದುಳು ಬೆನ್ನುಹುರಿಗೆ ಸೇರೋ ಜಾಗ ಮಿದುಳುಕಾಂಡ. ಅದಕ್ಕೆ ರಕ್ತ ಒಯ್ಯೋ ಬೇಸಿಲಾರ್ ಅನ್ನೋ ರಕ್ತನಾಳ ಕಟ್ಟಿಕೊಂಡು, ಕಾಂಡದ ಪಾನ್ಸ್ ಅನ್ನೋ ಭಾಗದ ಮುಂಬದಿ ಹಾಳಾದರೆ ಕೈ, ಕಾಲು, ನಾಲಿಗೆಗೆ ಹೋಗೋ ದಾರಿಗಳೆಲ್ಲ ಒಟ್ಟಿಗೆ ಕಡಿದುಹೋಗುತ್ತವೆ. ಯೋಚನೆ, ನೆನಪು ಹಾಗೇ ಇರ್ತವೆ. ಕಿವಿ ಕೇಳುತ್ತೆ. ಕಣ್ಣನ್ನು ಮೇಲೆ ಕೆಳಗೆ ಆಡಿಸೋ ಕೇಂದ್ರ ಪಾನ್ಸ್‌ಗಿಂತ ಮೇಲಿರೋದರಿಂದ ಅದೂ ಉಳಿಯುತ್ತೆ. ನಮ್ಮ ಆಫೀಸು ಭಾಷೇಲಿ ಹೇಳೋದಾದರೆ ಸರ್ವರ್ ಓಡ್ತಾ ಇದೆ, ಕೇಬಲ್ ಕಿತ್ತಿದೆ. ಅಪರೂಪದ ಈ ಸ್ಥಿತಿಗೆ 1966ರಲ್ಲಿ ಪ್ಲಮ್ ಮತ್ತು ಪೋಸ್ನರ್ ಅನ್ನೋ ವೈದ್ಯರು 'ಲಾಕ್ಡ್-ಇನ್' ಅಂತ ಹೆಸರಿಟ್ಟರು. ನೋಡಿದವರು ಕೋಮಾ ಅಂದುಕೊಳ್ಳೋದು ಸುಲಭ. ಒಳಗೆ ಎಚ್ಚರ ಇದೆ ಅಂತ ಎಷ್ಟೋ ಸಲ ಮೊದಲು ಗುರುತಿಸೋದು ಮನೆಯವರೇ.

ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್-ಡೊಮಿನಿಕ್ ಬೋಬಿಗೆ 1995ರ ಡಿಸೆಂಬರಿನಲ್ಲಿ ಹೀಗೇ ಆಯ್ತು. ಇನ್ನೊಬ್ಬರು ಅಕ್ಷರಗಳನ್ನ ಹೇಳ್ತಾ ಹೋದಂತೆ, ಬೇಕಾದ ಕಡೆ ಎಡಗಣ್ಣು ಮಿಟುಕಿಸಿ ಇಡೀ ಪುಸ್ತಕ ಬರೆಸಿದ. 1997ರಲ್ಲಿ ಅದು ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡ. ಫ್ರೆಂಚ್ ಅಕ್ಷರಗಳನ್ನ ಅವನಿಗಾಗಿ, ಹೆಚ್ಚು ಬಳಕೆಯವು ಮೊದಲು ಬರೋ ಹಾಗೆ ಹೊಸದಾಗಿ ಜೋಡಿಸಬೇಕಾಯ್ತು.

ನಮಗೆ ಆ ಕಷ್ಟ ಇಲ್ಲ. ನಮ್ಮ ವರ್ಣಮಾಲೆ ಆಗಲೇ ಸಾಲುಸಾಲಾಗಿದೆ! 'ಕ, ಚ, ಟ, ತ, ಪ' ಅಂತ ವರ್ಗ ಹೇಳಿ. 'ಪ' ಅಂದಾಗ ರೆಪ್ಪೆ ಬಡಿದರೆ ಆ ಸಾಲು: 'ಪ, ಫ, ಬ, ಭ, ಮ.' 'ಮ' ಸಿಕ್ತು. ಇನ್ನೊಂದು ಸುತ್ತಿನಲ್ಲಿ ಕ-ವರ್ಗದ 'ಗ'. ಮಗ! ಸ್ವರ ಬೇಕಾದರೆ ಕಾಗುಣಿತ ಇದೆಯಲ್ಲ.

ಇಂಥದೊಂದು ಚಾರ್ಟ್ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆ ಮೇಲೆ ಇರಬೇಕು ಅನ್ನೋದು ನನ್ನ ವಾದ. 1965ರಲ್ಲಿ ಶುರುವಾದ, ಮಾತು-ಕಿವಿ ವಿಷಯಕ್ಕೇ ಮೀಸಲಾದ ಸಂಸ್ಥೆ ನಮ್ಮ ಮೈಸೂರಲ್ಲೇ ಇದೆ. ಅಲ್ಲಿಯವರ ಸಲಹೆ ಪಡೆದು ಅಚ್ಚು ಹಾಕಿಸೋಕೆ ದೊಡ್ಡ ಬಜೆಟ್ ಏನೂ ಬೇಡ. ಅಲ್ಲೀತನಕ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೊದಲು 'ಮೇಲೆ ನೋಡಿ' ಅಂತ ಕೇಳಿ. ಒಂದೇ ಸಲಕ್ಕೆ ಕೈಬಿಡಬೇಡಿ, ಬೇರೆ ಬೇರೆ ಹೊತ್ತಲ್ಲಿ ಕೇಳಿ, ಕಂಡಿದ್ದನ್ನ ಡಾಕ್ಟರಿಗೆ ತಿಳಿಸಿ. ತೋಟದ ಮಾತು ಜಗುಲಿ ಮೇಲೆ ಇರಲಿ.

ಒತ್ತಕ್ಷರಕ್ಕೆ ಏನು ಮಾಡೋದು ಅನ್ನೋದು ನನಗಿನ್ನೂ ಬಗೆಹರಿದಿಲ್ಲ. ನಿಮಗೆ ಏನಾದರೂ ಹೊಳೆದರೆ ಕಾಮೆಂಟ್ ಹಾಕಿ.